ಹಗ್ಗ ಸಡಿಲವಾಗುವವರೆಗೆ

ಕಾಲೇಜಿನ ಭೂವಿಜ್ಞಾನ ಮತ್ತು ಸಾಗರವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂಬತ್ತು ಬೀಗಗಳಿದ್ದವು. ಒಂಬತ್ತರ ಕೀಲಿಗಳೂ ಒಬ್ಬಳೇ ಹೆಂಗಸಿನ ಸೊಂಟದಲ್ಲಿದ್ದವು. ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವುದು, ನಾಲ್ಕು ಹೆಜ್ಜೆ ನಡೆದು, ಮನಸ್ಸು ತಡೆಯದೆ ಹಿಂತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವುದು ಅವಳ ಪದ್ಧತಿ. ವಿದ್ಯಾರ್ಥಿಗಳು ಎದುರಿಗೆ ಅವಳನ್ನು ‘ಅಮ್ಮ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಬೀಗದಮ್ಮ’ ಎನ್ನುತ್ತಿದ್ದರು. ಎರಡೂ ಅವಳ ಕಿವಿಗೆ ಬಿದ್ದಿದ್ದವು. ಎರಡನೆಯದೇ ಅವಳಿಗೆ ಹೆಚ್ಚು ಒಪ್ಪಿಗೆಯಾಗಿತ್ತು.

ಅವಳು ಆ ಪ್ರಯೋಗಶಾಲೆಯ ಸಹಾಯಕಿ. ಗಾಜಿನ ಪಾತ್ರೆ ತೊಳೆಯುವುದು, ಕಲ್ಲುಗಳ ಧೂಳು ಒರೆಸುವುದು, ನಕ್ಷೆಗಳನ್ನು ಸುತ್ತಿಡುವುದು ಅವಳ ಕೆಲಸ. ಸಂಶಯಪಡುವುದು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ. ಅಭ್ರಕದ ಕಲ್ಲನ್ನು ತರಗತಿಗೆ ಕೊಟ್ಟರೆ ಹುಡುಗರು ಉಗುರಿನಿಂದ ಒಂದೊಂದು ಪದರ ಕಿತ್ತು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆಂದು ಅವಳಿಗೆ ಗೊತ್ತು. ಆದ್ದರಿಂದ ಕೊಡುವ ಮೊದಲು ತಕ್ಕಡಿಯಲ್ಲಿ ತೂಗಿ ಕೊಡುವಳು, ತರಗತಿ ಮುಗಿದ ಮೇಲೆ ಬಾಗಿಲಿಗೆ ಅಡ್ಡ ನಿಂತು ಮತ್ತೆ ತೂಗುವಳು. ಜ್ವಾಲಾಮುಖಿಯಿಂದ ಬಂದ ತೇಲುವ ಕಲ್ಲನ್ನು ಮೊದಲ ಸಲ ನೋಡಿದಾಗ, ನೀರಿನಲ್ಲಿ ತೇಲುವ ಇದು ಕಲ್ಲೇ ಅಲ್ಲ, ಅಂಗಡಿಯವನು ಮೋಸ ಮಾಡಿದ್ದಾನೆ ಎಂದು ಆಗಿನ ಮುಖ್ಯಸ್ಥರ ಮುಂದೆ ದೂರು ಹೇಳಿದ್ದಳು. ಅವರು ನಕ್ಕು, ಕಲ್ಲನ್ನು ಒಡೆದು ಒಳಗಿನ ಗಾಳಿಯ ಗೂಡುಗಳನ್ನು ತೋರಿಸಿದ್ದರು.

ಆ ಮುಖ್ಯಸ್ಥರನ್ನು ಎಲ್ಲರೂ ಹಳೆ ಮೇಷ್ಟ್ರು ಎನ್ನುತ್ತಿದ್ದರು. ತೀರಿಕೊಂಡು ಆರು ವರ್ಷವಾಗಿತ್ತು. ಬೀಗದಮ್ಮ ಸಂಶಯಪಡದೆ ನಂಬಿದ್ದ ಏಕೈಕ ಮನುಷ್ಯ ಅವರು. ಅವರೂ ಅವಳನ್ನು ಹಾಗೆಯೇ ನಂಬಿದ್ದರು.

ವರ್ಷಕ್ಕೊಮ್ಮೆ, ಮಳೆ ಬಿರುಸಾಗಿರುವ ತಿಂಗಳಿನಲ್ಲಿ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಮುದ್ರದ ನೀರಿನ ಪಾಠ ಇರುತ್ತಿತ್ತು. ಮಳೆ ಬಂಡೆಯನ್ನು ತೊಳೆಯುತ್ತದೆ, ಬಂಡೆಯ ಲವಣ ಕರಗಿ ನದಿಗಿಳಿಯುತ್ತದೆ, ನದಿ ಅದನ್ನು ಕಡಲಿಗೆ ಹೊತ್ತೊಯ್ಯುತ್ತದೆ. ಸೂರ್ಯ ನೀರನ್ನು ಮಾತ್ರ ಆವಿ ಮಾಡಿ ಎತ್ತಿಕೊಂಡು ಉಪ್ಪನ್ನು ಅಲ್ಲಿಯೇ ಬಿಡುತ್ತಾನೆ. ಹೀಗೆ ಕೋಟಿ ವರ್ಷಗಳು ಕಳೆದು, ತೆರೆದ ಸಮುದ್ರದ ಸಾವಿರ ಗ್ರಾಂ ನೀರಿನಲ್ಲಿ ಸುಮಾರು ಮೂವತ್ತೈದು ಗ್ರಾಂ ಉಪ್ಪು ಸೇರಿದೆ. ಇಪ್ಪತ್ತೆರಡು ವರ್ಷ ತರಗತಿಯ ಹಿಂದೆ ನಿಂತು ಕೇಳಿ ಬೀಗದಮ್ಮನಿಗೆ ಈ ಪಾಠ ಬಾಯಿಪಾಠವಾಗಿತ್ತು. ನೀರು ಕದ್ದು ಉಪ್ಪು ಬಿಟ್ಟುಹೋಗುವ ಸೂರ್ಯನ ವಿಷಯ ಬಂದಾಗಲೆಲ್ಲ ಅವಳು ತಲೆಯಾಡಿಸುವಳು. ಕಳ್ಳ ಯಾವತ್ತೂ ಗುರುತು ಬಿಟ್ಟೇ ಹೋಗುತ್ತಾನೆ.

ಪಾಠದ ಬಳಿಕ ವಿದ್ಯಾರ್ಥಿಗಳು ತಾವೇ ಉಪ್ಪಿನಂಶ ಅಳೆಯಬೇಕು. ಅದಕ್ಕೆ ಬೇಕಾದ ನೀರನ್ನು ತರುವವಳು ಬೀಗದಮ್ಮ. ಕಾಲೇಜಿನಿಂದ ಒಂದು ಮೈಲಿ ದೂರದಲ್ಲಿ, ನದಿ ಕಡಲನ್ನು ಸೇರುವ ಅಳಿವೆಯಲ್ಲಿ, ದೋಣಿಗಳು ಬಂದು ನಿಲ್ಲುವ ಧಕ್ಕೆಯಿತ್ತು. ಉಬ್ಬರ ತುಂಬಿದ ಹೊತ್ತಿಗೆ ಅಲ್ಲಿಗೆ ಹೋಗಿ, ಬಕೆಟ್ಟು ಇಳಿಸಿ, ಮೂರು ಸೀಸೆಗಳಿಗೆ ನೀರು ತುಂಬಿ, ‘ಮೇಲ್ಮೈ ನೀರು’ ಎಂದು ಚೀಟಿ ಅಂಟಿಸಿ ತರಬೇಕು. ಕೆಲಸಕ್ಕೆ ಸೇರಿದ ವರ್ಷ ಹಳೆ ಮೇಷ್ಟ್ರು ಅವಳ ಕೈಗೆ ಒಂದು ದಪ್ಪ ಕಬ್ಬಿಣದ ಬಕೆಟ್ಟನ್ನೂ ಉದ್ದನೆಯ ಹಗ್ಗವನ್ನೂ ಕೊಟ್ಟು, ಕಾಲೇಜಿನ ಜಗಲಿಯಲ್ಲಿ ನಿಂತೇ ಹೇಳಿದ್ದರು:

“ಬಕೆಟ್ಟು ನಿಧಾನವಾಗಿ ಇಳಿಸಮ್ಮ. ಹಗ್ಗ ಸಡಿಲ ಆಗೋವರೆಗೂ ಬಿಡು. ಸಡಿಲ ಆದ್ಮೇಲೆ ಎಳೆ. ಇಷ್ಟೇ.”

ಅವರಿಗೆ ಮಂಡಿನೋವು. ಧಕ್ಕೆಯವರೆಗೆ ಅವರು ಒಂದು ದಿನವೂ ಬಂದವರಲ್ಲ. ಬೀಗದಮ್ಮ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಬಂದ ಅಂಕಿಯನ್ನು ಪ್ರತಿ ವರ್ಷ ಹಳೆ ಮೇಷ್ಟ್ರು ಗೋಡೆಯ ದೊಡ್ಡ ಪಟದಲ್ಲಿ ಒಂದು ಚುಕ್ಕೆಯಾಗಿ ಇಡುತ್ತಿದ್ದರು. ಅವರು ಹೋದ ಮೇಲೆ ಚುಕ್ಕೆಯಿಡುವುದನ್ನು ಅವಳೇ ಮುಂದುವರಿಸಿದ್ದಳು. ಮೂವತ್ತೊಂದು, ಮೂವತ್ತೆರಡು, ಮೂವತ್ತೆರಡು, ಮೂವತ್ತೊಂದು. ಇಪ್ಪತ್ತೆರಡು ಚುಕ್ಕೆಗಳು ತರಗತಿಯ ಸಾಲಿನ ಮಕ್ಕಳಂತೆ ಅಲುಗಾಡದೆ ನಿಂತಿದ್ದವು. ಬಂದ ಅತಿಥಿಗಳಿಗೆಲ್ಲ ಆ ಪಟ ತೋರಿಸುವುದು ವಿಭಾಗದ ಹೆಮ್ಮೆಯಾಗಿತ್ತು.

ಬೀಗದಮ್ಮನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದ್ದಾಗ ಹೊಸ ಮೇಷ್ಟ್ರು ಬಂದರು. ಎಳೆಯ ವಯಸ್ಸಿನವರು, ಕಡ್ಡಿಯಂತಿದ್ದರು. ಹಾಜರಿಯನ್ನು ಎರಡು ಸಲ ಕರೆಯುವರು, ಒಂದು ಸಲ ಹೆಸರು ಹಿಡಿದು, ಇನ್ನೊಂದು ಸಲ ತಲೆ ಎಣಿಸಿ. ಸೀಮೆಸುಣ್ಣದ ಡಬ್ಬಿಯ ಮೇಲೆ ಉಳಿದ ತುಂಡುಗಳ ಸಂಖ್ಯೆ ಬರೆದಿಡುವರು. ಸಂಶಯದಲ್ಲಿ ಅವರು ಬೀಗದಮ್ಮನ ಒಡಹುಟ್ಟಿದ ತಮ್ಮನೆಂದರೂ ನಡೆಯುತ್ತಿತ್ತು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲವಲ್ಲ. ಮೊದಲ ದಿನದಿಂದಲೇ ಇಬ್ಬರೂ ಓರೆಗಣ್ಣಿನಲ್ಲಿ ನೋಡಿಕೊಳ್ಳತೊಡಗಿದರು.

ಆ ವರ್ಷದ ನೀರಿನ ದಿನ ಸೋಮವಾರ ಬಂತು. ಕಬ್ಬಿಣದ ಬಕೆಟ್ಟಿನ ತಳ ತುಕ್ಕು ಹಿಡಿದು ಸೋರಲಾರಂಭಿಸಿದ್ದರಿಂದ ಅವಳು ಮನೆಯ ಕೆಂಪು ಪ್ಲಾಸ್ಟಿಕ್ ಬಕೆಟ್ಟನ್ನು ಒಯ್ದಿದ್ದಳು. ಮಗಳ ಅತ್ತೆ, ಅಂದರೆ ಬೀಗತಿ, ಕೊಟ್ಟ ಬಕೆಟ್ಟು ಅದು. ಬೀಗದಮ್ಮನಿಗೆ ಬೀಗತಿಯ ಮೇಲಿದ್ದ ಸಂಶಯ ಒಂಬತ್ತು ಬೀಗಗಳೊಳಗೂ ಹಿಡಿಸದಷ್ಟು. ‘ಇಷ್ಟು ಒಳ್ಳೇ ಬಕೆಟ್ಟು ಸುಮ್ಮನೆ ಯಾರು ಕೊಡ್ತಾರೆ’ ಎಂದು ವರ್ಷವಿಡೀ ಅದನ್ನು ಬಳಸದೆ ಇಟ್ಟಿದ್ದಳು. ಅಂದು ಬೆಳಗ್ಗೆ ಏಳಕ್ಕೆ ಉಬ್ಬರ. ಬಕೆಟ್ಟು ಇಳಿಸಿದಳು, ಹಗ್ಗ ಸಡಿಲವಾಯಿತು, ಒಮ್ಮೆ ಜಗ್ಗಿ ತುಂಬಿಸಿ ಎಳೆದಳು. ಹಗುರವಾಗಿ ಬಂತು. ಸೀಸೆ ತುಂಬಿ, ಚೀಟಿ ಅಂಟಿಸಿ ತಂದಳು.

ಹತ್ತಕ್ಕೆ ತರಗತಿ. ವಿದ್ಯಾರ್ಥಿಗಳು ನೀರನ್ನು ಎತ್ತರದ ಗಾಜಿನ ಪಾತ್ರೆಗೆ ಸುರಿದು, ಹೈಡ್ರೋಮೀಟರ್ ಎಂಬ ಗಾಜಿನ ತೇಲುಕಡ್ಡಿಯನ್ನು ಬಿಟ್ಟರು. ನೀರು ಉಪ್ಪಾದಷ್ಟೂ ಕಡ್ಡಿ ಮೇಲೆದ್ದು ನಿಲ್ಲಬೇಕು. ಅದು ಮುಳುಗಿ ಕುಳಿತಿತು.

“ಎಷ್ಟು ಬಂತು?” ಹೊಸ ಮೇಷ್ಟ್ರು ಕೇಳಿದರು.

“ಹನ್ನೊಂದು, ಸಾರ್,” ಎಂದಳು ಮುಂದಿನ ಮೇಜಿನ ಹುಡುಗಿ.

“ಕಣ್ಣು ನೀರಿನ ಮಟ್ಟಕ್ಕೆ ಇಟ್ಟು ನೋಡಮ್ಮ.”

“ನನ್ನ ಕಣ್ಣು ಮಟ್ಟದಲ್ಲೇ ಇದೆ ಸಾರ್. ನೀರೇ ಮಟ್ಟಕ್ಕೆ ಬಂದಿಲ್ಲ.”

ಪಕ್ಕದ ಮೇಜಿನಲ್ಲೂ ಹನ್ನೊಂದು. ಅದರಾಚೆ ಹತ್ತೂವರೆ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಸಾರ್, ಇದು ಸಮುದ್ರದ ನೀರಾ, ಗಂಟಲು ನೋವಿಗೆ ಮುಕ್ಕಳಿಸೋ ನೀರಾ?” ತರಗತಿಯೆಲ್ಲ ನಕ್ಕಿತು. ಬೀಗದಮ್ಮ ನಗಲಿಲ್ಲ. ಹೊಸ ಮೇಷ್ಟ್ರೂ ನಗಲಿಲ್ಲ.

ತರಗತಿ ಮುಗಿದ ಮೇಲೆ ಅವರು ಗೋಡೆಯ ಪಟದ ಮುಂದೆ ನಿಂತರು.

“ಅಮ್ಮಾ, ಇಲ್ಲಿ ಬನ್ನಿ. ಮಳೆಗಾಲ. ನದಿಯ ಬಾಯಿ. ಅದೂ ಮೇಲ್ಮೈ ನೀರು. ಮೂವತ್ತೆರಡು ಹೇಗೆ ಬರುತ್ತೆ?”

“ಬಂದಿದೆಯಲ್ಲ ಸಾರ್.”

“ಅದೇ ನನ್ನ ಸಂಶಯ. ನದಿ ಒಂದು ವರ್ಷ ಉಕ್ಕುತ್ತೆ, ಇನ್ನೊಂದು ವರ್ಷ ಸೊರಗುತ್ತೆ. ನಿಮ್ಮ ಸೀಸೆ ಮಾತ್ರ ಇಪ್ಪತ್ತೆರಡು ವರ್ಷ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈಗ ಇದ್ದಕ್ಕಿದ್ದ ಹಾಗೆ ಹನ್ನೊಂದು.”

ಹಾಗೆನ್ನುತ್ತಲೇ ಅವರ ಕಣ್ಣು ಪಾತ್ರೆಗಳ ಕಪಾಟಿನತ್ತ ಹೋಯಿತು. ಕೆಳಗಿನ ಖಾನೆಯಲ್ಲಿ, ಬಟ್ಟೆಯ ಹಿಂದೆ, ಒಂದು ಪೊಟ್ಟಣವಿತ್ತು. ಎತ್ತಿ ನೋಡಿದರು. ಹರಳುಪ್ಪು. ಅರ್ಧ ಖಾಲಿಯಾಗಿತ್ತು.

“ಇದೇನಮ್ಮಾ?”

“ಉಪ್ಪು, ಸಾರ್. ಬೀಕರಿನ ಕಲೆ ತಿಕ್ಕೋಕೆ.”

“ಓಹೋ.”

ಆ ‘ಓಹೋ’ದಲ್ಲಿ ಇಡೀ ಆರೋಪಪಟ್ಟಿಯೇ ಇತ್ತು. ಅವಳು ಧಕ್ಕೆಗೆ ಹೋಗುತ್ತಲೇ ಇರಲಿಲ್ಲ, ಇಪ್ಪತ್ತೆರಡು ವರ್ಷ ನಲ್ಲಿಯ ನೀರಿಗೆ ಅಳೆದು ಉಪ್ಪು ಕರಗಿಸಿ ಸಮುದ್ರ ತಯಾರಿಸುತ್ತಿದ್ದಳು, ವಯಸ್ಸಾಗಿ ಈ ವರ್ಷ ಅಳತೆ ತಪ್ಪಿತು.

“ಈ ಸಲ ಉಪ್ಪು ಹಾಕುವಾಗ ಕೈ ಹಿಡೀತಾ?” ಎಂದರು ಮೇಷ್ಟ್ರು. “ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ. ಪ್ರಾಂಶುಪಾಲರ ಹತ್ತಿರ ಮಾತಾಡ್ತೀನಿ.”

ಜೀವನಪೂರ್ತಿ ಬೇರೆಯವರ ಜೇಬು ತೂಗಿದವಳಿಗೆ ತನ್ನನ್ನು ತಕ್ಕಡಿಯಲ್ಲಿ ಕೂರಿಸಿದರೆ ಹೇಗಿರುತ್ತದೆಂದು ಅಂದೇ ಗೊತ್ತಾದದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ನಗುತ್ತಿದ್ದವಳು, ಅಂದು ಕಾರಿಡಾರಿನಲ್ಲಿ ನಡೆಯುವಾಗ ತನ್ನ ಎರಡೂ ಹೆಗಲುಗಳ ಭಾರವನ್ನು ಅನುಭವಿಸಿದಳು.

ಮಧ್ಯಾಹ್ನದೊಳಗೆ ಸುದ್ದಿಗೆ ಉಪ್ಪುಖಾರ ಹಚ್ಚಿ ಹಂಚಿಯಾಗಿತ್ತು. ಸಂಜೆ ಪ್ರಾಂಶುಪಾಲರು ಕರೆಸಿದರು. ಮೃದು ಮಾತಿನ ಹಿರಿಯ ಹೆಂಗಸು. “ನೋಡಮ್ಮ, ನಾನು ಏನೂ ತೀರ್ಮಾನ ಮಾಡಿಲ್ಲ. ಶುಕ್ರವಾರ ಎಲ್ಲರ ಎದುರಿಗೆ ನೀರು ತೆಗೆದು ತೋರಿಸು. ಸರಿಯಿದ್ದರೆ ಸರಿ. ಇಲ್ಲದಿದ್ದರೆ ಆ ಪಟ ಇಳಿಸಬೇಕಾಗುತ್ತೆ. ಅಂಕಿ ಸೃಷ್ಟಿ ಮಾಡಿದಳು ಅಂತ ನಿನ್ನ ಸೇವಾಪುಸ್ತಕದಲ್ಲೂ ಬರೀಬೇಕಾಗುತ್ತೆ.”

ನಾಲ್ಕು ತಿಂಗಳಲ್ಲಿ ಮುಚ್ಚಬೇಕಾದ ಪುಸ್ತಕ. ಅದರ ಕೊನೆಯ ಸಾಲು ಅದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಳೆ ಮೇಷ್ಟ್ರ ಕೈಬರಹದ ಪಟ ಗೋಡೆಯಿಂದ ಇಳಿಯುತ್ತದೆ.

ಮನೆಗೆ ಬಂದವಳೇ ಕಳ್ಳನನ್ನು ಹುಡುಕತೊಡಗಿದಳು. ತಾನು ತಂದದ್ದು ಕಡಲಿನ ನೀರು. ಅಳೆದದ್ದು ಸಪ್ಪೆ ನೀರು. ಅಂದಮೇಲೆ ನಡುವೆ ಯಾರೋ ಸೀಸೆ ಬದಲಿಸಿದ್ದಾರೆ. ಯಾರು? ಕಚೇರಿಯ ಗುಮಾಸ್ತನಿರಬಹುದು, ತನ್ನ ಜಾಗಕ್ಕೆ ನಾದಿನಿಯನ್ನು ತರಲು ಅವನು ಹವಣಿಸುತ್ತಿದ್ದಾನೆ. ಹೊಸ ಮೇಷ್ಟ್ರೇ ಇರಬಹುದು, ಹಳಬರ ಹೆಸರು ಕೆಡಿಸಿದರೆ ಹೊಸಬರ ಹೆಸರು ಮೇಲೆ ಬರುತ್ತದೆ.

“ಬೀಗತಿಯ ಹೆಸರು ಬಿಟ್ಟುಹೋಯ್ತಲ್ಲೇ,” ಎಂದ ಗಂಡ. ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿಯ ಸಂಶಯಗಳನ್ನು ಹಳೆಯ ಮಾರ್ಗದ ನಿಲ್ದಾಣಗಳಂತೆ ಒಂದೊಂದಾಗಿ ಬಲ್ಲವನು.

“ನಿಮಗೆ ತಮಾಷೆ. ಆ ಬಕೆಟ್ಟು ಮನೆಗೆ ಕಾಲಿಟ್ಟಾಗಲೇ ಅಂದುಕೊಂಡೆ.”

“ಬಕೆಟ್ಟಿಗೆ ಕಾಲಿರಲ್ಲ ಕಣೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.”

ಗುರುವಾರ ಅವಳು ಬಲೆ ಹಾಕಿದಳು. ಉಬ್ಬರ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುತ್ತದೆ, ಗುರುವಾರ ಅದು ಒಂಬತ್ತೂವರೆಗೆ ಬಿತ್ತು. ಒಬ್ಬಳೇ ಧಕ್ಕೆಗೆ ಹೋಗಿ, ಕೆಂಪು ಬಕೆಟ್ಟು ಇಳಿಸಿ, ಹಗ್ಗ ಸಡಿಲವಾದ ಮೇಲೆ ಎಳೆದಳು. ಸೀಸೆಗಳ ಮುಚ್ಚಳಕ್ಕೆ ಕಪ್ಪು ದಾರ ಸುತ್ತಿ, ತನಗೊಬ್ಬಳಿಗೇ ಬರುವ ಗಂಟು ಹಾಕಿದಳು. ಚೀಲವನ್ನು ಎದೆಗವಚಿಕೊಂಡು ಹೊರಟಳು. ಮನೆ ದಾರಿಯಲ್ಲೇ ಇತ್ತು. ಕಾಲೇಜಿನ ಉಗ್ರಾಣವನ್ನು ನಂಬದೆ ಬಕೆಟ್ಟು ಹಗ್ಗಗಳನ್ನು ಅವಳು ಮನೆಯಲ್ಲೇ ಇಡುತ್ತಿದ್ದಳು. ಹಗ್ಗವನ್ನು ಒಣಗಲು ತಂತಿಯ ಮೇಲೆ ಹರವಿದಾಗ, ಬಾಗಿಲಲ್ಲಿ ಕುಳಿತಿದ್ದ ಗಂಡ ಅದನ್ನು ಮುಟ್ಟಿ ನೋಡಿದ.

“ಏನೇ, ನಿಜವಾಗ್ಲೂ ಹೋಗಿದ್ದೆಯಾ?”

“ಏನಂದ್ರಿ?”

“ಅಲ್ಲ, ಪ್ರತಿ ವರ್ಷ ಈ ಹಗ್ಗ ಹರವಿದರೆ ಅಂಗಳವೆಲ್ಲ ಕೆಸರು. ಈಗ ತುದಿಯ ಒಂದು ಗೇಣು ಬಿಟ್ಟರೆ ಎಲ್ಲಾ ಒಣಗಿದೆ.”

ಅವಳಿಗೆ ಕಣ್ಣು ತುಂಬಿತು. “ಮೂವತ್ತು ವರ್ಷ ಸಂಸಾರ ಮಾಡಿ ನೀವೂ ನನ್ನ ಮೇಲೆ ಸಂಶಯಪಡ್ತೀರಾ?” ಎಂದವಳು ಉತ್ತರಕ್ಕೆ ಕಾಯದೆ ಹೊರಟುಹೋದಳು. “ಲೇ, ತಮಾಷೆಗಂದೆ ಕಣೇ!” ಎಂಬ ಮಾತು ಬೀದಿಯ ತಿರುವಿನವರೆಗೂ ಬೆನ್ನು ಹತ್ತಿ ಬಂತು.

ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಚಿಲಕ ಹಾಕಿದಳು. ಗಂಟು ಹಾಗೆಯೇ ಇತ್ತು, ದಾರ ಹರಿದಿರಲಿಲ್ಲ. ಸೀಸೆ ಅವಳ ಎದೆಯನ್ನು ಬಿಟ್ಟು ಇಳಿದೇ ಇರಲಿಲ್ಲ. ನೀರು ಸುರಿದು ತೇಲುಕಡ್ಡಿ ಬಿಟ್ಟಳು.

ಹತ್ತು.

ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕಿಟ್ಟು ಮತ್ತೆ ನೋಡಿದಳು. ಹತ್ತೇ. ಯಾರೂ ಬದಲಿಸಿಲ್ಲ. ಗುಮಾಸ್ತನಿಲ್ಲ, ಮೇಷ್ಟ್ರಿಲ್ಲ. ಬಲೆಗೆ ಯಾವ ಕಳ್ಳನೂ ಬಿದ್ದಿಲ್ಲ. ಹಾಗಾದರೆ ಸಂಶಯಪಡಲು ಉಳಿದವರು ಯಾರು? ಧಕ್ಕೆಗೆ ಹೋದವಳು, ಬಕೆಟ್ಟು ಇಳಿಸಿದವಳು, ತಾನೊಬ್ಬಳೇ. ಮೊಟ್ಟಮೊದಲ ಬಾರಿಗೆ ಬೀಗದಮ್ಮ ತನ್ನ ಮೇಲೆಯೇ ಸಂಶಯಪಟ್ಟಳು.

ಆಗ ಗಂಡನ ಮಾತು ನೆನಪಾಯಿತು. ಒಂದು ಗೇಣು.

ಹಿಂದೆಲ್ಲ ಎಷ್ಟು ಒದ್ದೆಯಾಗುತ್ತಿತ್ತು? ಏಳು ಮೊಳವಂತೂ ಹೌದು. ತೋಳು ಸೋಲುವಷ್ಟು ಭಾರ, ಎಳೆದು ಮುಗಿಸುವುದರೊಳಗೆ ಸೀರೆಯೆಲ್ಲ ತೊಯ್ಯುತ್ತಿತ್ತು. ಕಬ್ಬಿಣದ ಬಕೆಟ್ಟು ನೀರು ಮುಟ್ಟಿದೊಡನೆ ತನ್ನ ಭಾರಕ್ಕೇ ವಾಲಿ ತುಂಬಿಕೊಳ್ಳುತ್ತಿತ್ತು, ಹಗ್ಗ ಬಿಗಿಯಾಗಿಯೇ ಇರುತ್ತಿತ್ತು. ಇಳಿಯುತ್ತ, ಇಳಿಯುತ್ತ, ಕೆಳಗೆಲ್ಲೋ ಮೆತ್ತಗೆ ಕೂತ ಮೇಲೆಯೇ ಸಡಿಲವಾಗುತ್ತಿತ್ತು. ಕೆಂಪು ಬಕೆಟ್ಟು ಹಾಗಲ್ಲ. ನೀರು ಮುಟ್ಟಿದ ಕ್ಷಣವೇ ತೇಲುತ್ತದೆ, ಹಗ್ಗ ಸಡಿಲವಾಗುತ್ತದೆ. ಎರಡು ಸಲವೂ ಅವಳು ಅದೇ ಮಾತನ್ನು ಪಾಲಿಸಿದ್ದಳು. ಮಾತು ಒಂದೇ, ಬಕೆಟ್ಟು ಎರಡು. ಒಂದು ತಳದ ನೀರು ತಂದಿತ್ತು, ಇನ್ನೊಂದು ಮೇಲಿನ ನೀರು.

ಸಿಹಿನೀರು ಹಗುರ, ಉಪ್ಪುನೀರು ಭಾರ. ನದಿ ಮೇಲೆ ಹರಿಯುತ್ತದೆ, ಸಮುದ್ರ ಕೆಳಗೆ ನುಸುಳುತ್ತದೆ. ಈ ಪಾಠವನ್ನೂ ಅವಳು ಇಪ್ಪತ್ತೆರಡು ಸಲ ಕೇಳಿದ್ದಳು. ಬಕೆಟ್ಟು ಮೇಲೆಯೇ ನದಿಯ ನೀರು ತುಂಬಿಕೊಂಡು ಇಳಿದರೂ ಕೆಳಗೆ ಹೋದ ಮೇಲೆ ಆ ಹಗುರ ನೀರು ಬಾಯಿಂದ ಮೇಲೆದ್ದು ಹೋಗಿ, ಭಾರದ ಉಪ್ಪುನೀರು ಒಳಗೆ ಕೂರುತ್ತದೆ. ಹಾಗಾದರೆ ಹೊಸ ಮೇಷ್ಟ್ರು ಹೇಳಿದ್ದು ಸರಿ. ಮೇಲ್ಮೈ ನೀರು ಮೂವತ್ತೆರಡು ಇರಲಾರದು. ಈ ವರ್ಷದ ಹನ್ನೊಂದೇ ನಿಜ. ಅವಳು ತನ್ನ ಕೈಯಾರೆ ‘ಮೇಲ್ಮೈ’ ಎಂದು ಬರೆದು ಅಂಟಿಸಿದ ಇಪ್ಪತ್ತೆರಡು ವರ್ಷದ ಚೀಟಿಗಳು ಸುಳ್ಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಕಬ್ಬಿಣದ ಬಕೆಟ್ಟು ಅಂಗಳದ ಮೂಲೆಯಲ್ಲಿತ್ತು, ಬಟ್ಟೆಯ ಕ್ಲಿಪ್ಪುಗಳನ್ನು ತುಂಬಿಟ್ಟಿದ್ದಳು. ಅವಳು ಯಾವುದನ್ನೂ ಎಸೆಯುವವಳಲ್ಲ. ಗಂಡ ಕ್ಲಿಪ್ಪುಗಳನ್ನು ಸುರಿದು, ತಳದ ತೂತಿಗೆ ಬಟ್ಟೆಸೋಪಿನ ಚೂರು ಒತ್ತಿ ಮುಚ್ಚಿದ.

“ಇದನ್ನೇ ತಗೊಂಡು ಹೋಗು. ಮೂವತ್ತೆರಡು ಬರುತ್ತೆ. ಎಲ್ಲರೂ ಬಾಯಿ ಮುಚ್ಚಿಕೊಳ್ತಾರೆ. ನೀನೂ ಮುಚ್ಚಿಕೊಂಡು ಬಾ.”

“ಚೀಟಿ ಸುಳ್ಳಲ್ವಾ?”

“ಚೀಟಿ ಯಾರು ಓದ್ತಾರೆ? ನಿಮ್ಮ ಮೇಷ್ಟ್ರು ಹೇಳಿಕೊಟ್ಟ ಹಾಗೆ ಮಾಡಿದೆ. ಈಗ ಬಾಯಿಬಿಟ್ಟರೆ, ಹೇಳಿಕೊಟ್ಟದ್ದೇ ತಪ್ಪು ಅಂತ ಸತ್ತವರ ಮೇಲೆ ಬರುತ್ತೆ.”

ಅದೇ ಅವಳನ್ನು ಚುಚ್ಚುತ್ತಿದ್ದದ್ದು. ಬಾಯಿ ಮುಚ್ಚಿದರೆ ಇಬ್ಬರ ಹೆಸರೂ ಉಳಿಯುತ್ತದೆ. ಆದರೆ ಮುಂದಿನ ವರ್ಷ ತಾನಿರುವುದಿಲ್ಲ. ಯಾರೋ ಇನ್ನೊಬ್ಬರು ಪ್ಲಾಸ್ಟಿಕ್ ಬಕೆಟ್ಟು ಇಳಿಸುತ್ತಾರೆ, ಹತ್ತೋ ಹನ್ನೊಂದೋ ಬರುತ್ತದೆ. ಆಗ ಹೊಸ ಮೇಷ್ಟ್ರು ಆ ಬಡಪಾಯಿಯ ಕಪಾಟಿನಲ್ಲಿ ಉಪ್ಪು ಹುಡುಕುತ್ತಾರೆ.

ಶುಕ್ರವಾರ ಹತ್ತೂಕಾಲಿಗೆ ಧಕ್ಕೆಯ ಮೇಲೆ ಪ್ರಾಂಶುಪಾಲರು, ಹೊಸ ಮೇಷ್ಟ್ರು, ಛತ್ರಿಗಳಡಿಯಲ್ಲಿ ಇಡೀ ಮೊದಲ ವರ್ಷದ ತರಗತಿ ನೆರೆದಿತ್ತು. ನದಿಯ ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಬೀಗದಮ್ಮ ಎಡಗೈಯಲ್ಲೊಂದು, ಬಲಗೈಯಲ್ಲೊಂದು ಬಕೆಟ್ಟು ಹಿಡಿದು ಬಂದಳು.

“ಎರಡು ಯಾಕೆ?” ಮೇಷ್ಟ್ರ ಹುಬ್ಬು ಮೇಲೇರಿತು.

“ಒಂದಕ್ಕೆ ಸಾಕ್ಷಿಯಾಗಿ ಇನ್ನೊಂದು, ಸಾರ್.”

ಅವರು ಕಬ್ಬಿಣದ ಬಕೆಟ್ಟನ್ನು ತಲೆಕೆಳಗು ಮಾಡಿದರು, ಒಳಗೆ ಬೆರಳಾಡಿಸಿದರು. ತಳದಲ್ಲಿ ಬೆಳ್ಳಗಿನದೊಂದು ಕಂಡಿತು.

“ಇದೇನು? ಉಪ್ಪಾ?”

“ಸೋಪು.”

ಅವರು ನಂಬಲಿಲ್ಲ. ಉಗುರಿನಿಂದ ಕೆರೆದು ನಾಲಗೆಗೆ ಮುಟ್ಟಿಸಿದರು. ಮುಖ ಹಿಂಡಿಕೊಂಡು ಪಕ್ಕಕ್ಕೆ ತಿರುಗಿ ಉಗುಳಿದರು. ಛತ್ರಿಗಳ ಸಾಲೆಲ್ಲ ಕುಲುಕಾಡಿತು. “ಸಾರ್, ಎಷ್ಟು ಬಂತು?” ಎಂದಿತು ಹಿಂದಿನಿಂದ ಒಂದು ದನಿ.

ಬೀಗದಮ್ಮ ಕಬ್ಬಿಣದ ಬಕೆಟ್ಟು ಇಳಿಸಿದಳು. ಹಗ್ಗ ಬಿಗಿಯಾಗಿ ಓಡಿತು, ಓಡಿ ಸಡಿಲವಾಯಿತು. ಉಸಿರು ಬಿಗಿಹಿಡಿದು ಎಳೆದಳು. ಮೇಷ್ಟ್ರು ತಾವೇ ನೀರು ಸುರಿದು ಕಡ್ಡಿ ಬಿಟ್ಟರು. ಮೂವತ್ತೊಂದು. ಅವರು ಎರಡನೆಯ ಸಲ ನೋಡಿದರು. ಮೂರನೆಯ ಸಲ ಕನ್ನಡಕ ಒರೆಸಿ ನೋಡಿದರು. ಮೂವತ್ತೊಂದೇ.

ಪ್ರಾಂಶುಪಾಲರ ಮುಖ ಅರಳಿತು. “ಸರಿ ಹಾಗಾದ್ರೆ. ಸೋಮವಾರ ಏನೋ ಎಡವಟ್ಟಾಗಿತ್ತು. ವಿಷಯ ಇಲ್ಲಿಗೆ ಮುಗೀತು. ಮಳೆ ಜೋರಾಗ್ತಿದೆ, ನಡೀರಿ.”

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಹುಡುಗಿಯರು ಅವಳ ಪರವಾಗಿ ಚಪ್ಪಾಳೆ ತಟ್ಟಲೂ ಶುರುಮಾಡಿದ್ದರು. ಬೀಗದಮ್ಮ ಹಗ್ಗವನ್ನು ಕೆಂಪು ಬಕೆಟ್ಟಿಗೆ ಕಟ್ಟುತ್ತಿದ್ದಳು.

“ಇನ್ನೂ ಮುಗಿದಿಲ್ಲ ಅಮ್ಮಾವ್ರೇ.”

ಕೆಂಪು ಬಕೆಟ್ಟು ನೀರಿಗೆ ತಾಗಿ ತೇಲಿತು. ಹಗ್ಗ ತಕ್ಷಣ ಸಡಿಲಬಿದ್ದಿತು. ಜಗ್ಗಿ ತುಂಬಿಸಿ ಎಳೆದಳು. ಕಡ್ಡಿ ಮುಳುಗಿ ಕುಳಿತಿತು. ಹತ್ತು.

“ಒಂದೇ ಜಾಗ, ಒಂದೇ ಗಳಿಗೆ,” ಎಂದಳು. “ಹಗ್ಗ ಸಡಿಲ ಆದ್ಮೇಲೆ ಎಳೆ ಅಂತ ಹಳೆ ಮೇಷ್ಟ್ರು ಅಂದಿದ್ರು. ಎರಡರಲ್ಲೂ ಹಾಗೇ ಮಾಡಿದೆ. ಕಬ್ಬಿಣದ್ದು ತಳ ಮುಟ್ಟಿ ಸಡಿಲ ಆಗುತ್ತೆ, ಇದು ಮೇಲೇ ಸಡಿಲ ಆಗುತ್ತೆ. ನಾನು ಉಪ್ಪು ಬೆರೆಸಿಲ್ಲ ಸಾರ್. ಆದ್ರೆ ಇಪ್ಪತ್ತೆರಡು ವರ್ಷ ತಳದ ನೀರು ತಂದು ಮೇಲ್ಮೈ ಅಂತ ಬರೆದೆ. ಪಟ ಇಳಿಸೋದಾದ್ರೆ ಇಳಿಸಿ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಕೇಳಿಸಿಕೊಂಡದ್ದರಲ್ಲಿ ತಪ್ಪು.”

ಹೊಸ ಮೇಷ್ಟ್ರು ಹಗ್ಗವನ್ನು ಕೈಗೆತ್ತಿಕೊಂಡು ಕೆಸರುನೀರಿನ ಕಲೆ ಹತ್ತಿದಷ್ಟು ಉದ್ದವನ್ನು ಮೊಳ ಹಾಕಿ ಅಳೆದರು. ಏಳು ಮೊಳ. ನದಿಯನ್ನು ನೋಡಿದರು, ಅವಳನ್ನು ನೋಡಿದರು. ಅವರ ಮುಖದಲ್ಲಿ ಸಂಶಯ ಇನ್ನೂ ಇತ್ತು, ಆದರೆ ಅದು ಈಗ ಅವಳ ಮೇಲಿನದಾಗಿರಲಿಲ್ಲ.

“ಹಳೆ ಮೇಷ್ಟ್ರು ಒಂದು ಸಲವಾದ್ರೂ ಸಂಶಯಪಡಬೇಕಿತ್ತು,” ಎಂದರು ಮೆಲ್ಲಗೆ. “ನಿಮ್ಮನ್ನ ತೀರಾ ನಂಬಿಬಿಟ್ಟಿದ್ರು.” ಹಗ್ಗವನ್ನು ಅವಳ ಕೈಗೆ ಕೊಟ್ಟು, “ನಾನು ಉಪ್ಪಿನ ಪೊಟ್ಟಣ ನೋಡಿದೆ, ಬಕೆಟ್ಟು ನೋಡಲಿಲ್ಲ. ತಪ್ಪಾಯ್ತಮ್ಮ,” ಎಂದರು.

ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ, ಮಳೆಯನ್ನು ಮರೆತು, ಪಾಠವನ್ನೇ ಶುರುಮಾಡಿದರು. “ನೋಡ್ರಪ್ಪಾ, ನಿಮ್ಮ ಕಾಲ ಕೆಳಗೆ ಎರಡು ನೀರಿದೆ. ಮೇಲೆ ನದಿ ಹೊರಗೆ ಹೋಗ್ತಿದೆ, ಅಡಿಯಲ್ಲಿ ಸಮುದ್ರ ಒಳಗೆ ಬರ್ತಿದೆ. ನದಿ ಎಷ್ಟೇ ಅಬ್ಬರಿಸಲಿ, ಉಬ್ಬರದಲ್ಲಿ ಅಡಿಯ ಉಪ್ಪು ಜಗ್ಗಿಲ್ಲ. ಅದನ್ನ ಇಪ್ಪತ್ತೆರಡು ವರ್ಷ ಬಿಡದೆ ಅಳೆದವರು ಇಲ್ಲಿ ನಿಂತಿದ್ದಾರೆ. ಏನು ಅಳೀತಿದ್ದೀನಿ ಅಂತ ಅವರಿಗೇ ಗೊತ್ತಿರಲಿಲ್ಲ, ಅಷ್ಟೇ.”

ಪಟ ಗೋಡೆಯಿಂದ ಇಳಿಯಿತು, ಮಧ್ಯಾಹ್ನದ ಮಟ್ಟಿಗೆ ಮಾತ್ರ. ಮೇಜಿನ ಮೇಲೆ ಅದನ್ನು ಹರಡಿ ಮೇಷ್ಟ್ರು ಪೆನ್ನನ್ನು ಬೀಗದಮ್ಮನ ಕೈಗೆ ಕೊಟ್ಟರು. ಹಳೆ ಮೇಷ್ಟ್ರ ದುಂಡು ಅಕ್ಷರದಲ್ಲಿದ್ದ ‘ಮೇಲ್ಮೈ’ ಎಂಬ ಪದದ ಮೇಲೆ ಗೆರೆ ಎಳೆಯಲು ಅವಳಿಗೆ ಕೈ ಬರಲಿಲ್ಲ. ಕೊನೆಗೆ ಅದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಸಣ್ಣದಾಗಿ ‘ಅಲ್ಲ, ತಳದ ನೀರು’ ಎಂದು ಬರೆದಳು. ಇಪ್ಪತ್ತೆರಡು ಚುಕ್ಕೆಗಳ ಸಾಲಿಗೆ ಇಪ್ಪತ್ತಮೂರನೆಯದನ್ನು ಇಟ್ಟಳು. ಅದಕ್ಕಿಂತ ಬಹಳ ಕೆಳಗೆ, ಹತ್ತರ ಎದುರಿಗೆ, ಕೆಂಪು ಶಾಯಿಯಲ್ಲಿ ಒಂಟಿ ಚುಕ್ಕೆಯೊಂದನ್ನು ಇಟ್ಟು ‘ಮೇಲ್ಮೈ’ ಎಂದು ಬರೆದಳು. ಈ ಸಲ ಅದು ನಿಜವಾಗಿತ್ತು.

ಪಟವನ್ನು ಮತ್ತೆ ತೂಗುಹಾಕಿದರು. ಸೇವಾಪುಸ್ತಕದ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆಯಾಯಿತು. ಬೀಗದಮ್ಮ ಸೀಸೆಗಳನ್ನು ತೊಳೆದು ಎಣಿಸಿ ಕಪಾಟಿನಲ್ಲಿಟ್ಟಳು. ಮತ್ತೊಮ್ಮೆ ಎಣಿಸಿದಳು. ಹೊರಗೆ ಹೋಗುತ್ತಿದ್ದ ಮೇಷ್ಟ್ರನ್ನು ಬಾಗಿಲಿಗೆ ಅಡ್ಡ ನಿಂತು ತಡೆದಳು.

“ಸಾರ್, ಒಂದು ಸೀಸೆ ಕಡಿಮೆ ಇದೆ.”

ಮೇಷ್ಟ್ರು ನಾಚಿಕೊಂಡು, ಚೀಲದಿಂದ ಸೀಸೆಯನ್ನು ತೆಗೆದರು. “ತಳದ ನೀರು. ಮನೇಲಿ ಇನ್ನೊಮ್ಮೆ ಅಳೆದು ನೋಡೋಣ ಅಂತ...”

“ಅಳೀರಿ,” ಎಂದಳು ಬೀಗದಮ್ಮ. “ಪುಸ್ತಕದಲ್ಲಿ ಬರೆದು ತಗೊಂಡು ಹೋಗಿ.”

ಅವರು ಬರೆದರು. ಅವಳು ಓದಿ ನೋಡಿ, ದಾರಿ ಬಿಟ್ಟಳು. ಆಮೇಲೆ ಬೀಗ ಹಾಕಿ ಮೂರು ಸಲ ಜಗ್ಗಿದಳು. ನಾಲ್ಕು ಹೆಜ್ಜೆ ನಡೆದು ಹಿಂತಿರುಗಿದಾಗ, ಮೇಷ್ಟ್ರು ಬಾಗಿಲ ಬಳಿ ನಿಂತು ನಾಲ್ಕನೆಯ ಸಲ ಜಗ್ಗುತ್ತಿದ್ದರು.